ದಾರಿಯ ಬೆಳಕು, ಇದಿರಿನವರ ಕಣ್ಣು

ಇರುಳಿನ ದಾರಿಗೆ ದೀಪ ಬೇಕೆಂಬುದು ಎಷ್ಟು ಹಳೆಯ ಮಾತೋ, ಆ ದೀಪ ಯಾರಿಗಾಗಿ ಎಂಬ ಪ್ರಶ್ನೆಯೂ ಅಷ್ಟೇ ಹಳೆಯದು. ಮೋಟಾರು ಕಾರಿನ ಹೆಡ್‌ಲೈಟನ್ನು ಕುರಿತು ಸಾಹಿತ್ಯಾಸಕ್ತರೊಡನೆ ಮಾತನಾಡುವುದು ಮೊದಲಿಗೆ ವಿಚಿತ್ರವೆನ್ನಿಸೀತು. ಅದು ಕಾರ್ಖಾನೆಗೆ ಸೇರಿದ ವಿಷಯ, ಹೆಚ್ಚೆಂದರೆ ಪೊಲೀಸರಿಗೆ ಸೇರಿದ ವಿಷಯ ಎಂದು ನಾವು ಭಾವಿಸಿದ್ದೇವೆ. ಆದರೆ ಅದರ ಚರಿತ್ರೆಯನ್ನು ತುಸು ಕೆದಕಿದರೆ, ಅಪರಿಚಿತನೊಬ್ಬನು ದಾರಿಯಲ್ಲಿ ಇದಿರಾದಾಗ ನಾವು ಹೇಗೆ ನಡೆದುಕೊಳ್ಳುತ್ತ ಬಂದಿದ್ದೇವೆ ಎಂಬ ಚರಿತ್ರೆಯೂ ಜೊತೆಗೇ ತೆರೆದುಕೊಳ್ಳುತ್ತದೆ. ಇದನ್ನು ನೋಡಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಂಥ ಎಡೆ ಅಪರೂಪ.

ಅದು ಬಯಲು ಸೀಮೆ. ನಾಡಿನಲ್ಲಿ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಅಲ್ಲಲ್ಲಿ ಕಲ್ಲುಗುಡ್ಡಗಳು, ನಡುವೆ ಶೇಂಗಾ ಹೊಲಗಳು, ಅಮೃತಮಹಲ್ ಕಾವಲುಗಳ ಹುಲ್ಲುಗಾವಲು. ಹಿರಿಯೂರಿನಿಂದ ಚಳ್ಳಕೆರೆಯ ಮೇಲೆ ಬಳ್ಳಾರಿಗೆ ಹೋಗುವ ರಸ್ತೆ ಇಂದು 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಯಾಗಿದೆ. ಇಂಥ ಬಯಲಿನ ನೇರ ರಸ್ತೆಯಲ್ಲಿ ಇದಿರಿನ ವಾಹನದ ಬೆಳಕು ಬಹು ದೂರದಿಂದಲೇ ಕಾಣುತ್ತದೆ. ‘ಇನ್ನೂ ದೂರವಿದೆ’ ಎಂದು ಚಾಲಕನು ಬೆಳಕನ್ನು ತಗ್ಗಿಸದೆ ಮುಂದುವರಿಯುವುದು ಇಲ್ಲಿ ಸುಲಭ. ಇದೇ ದಾರಿಗಳಲ್ಲಿ ಕುರಿಹಿಂಡುಗಳು ನಡೆಯುತ್ತವೆ. ಮ್ಯಾಸನಾಯಕರ ದೇವರ ಎತ್ತುಗಳನ್ನು ಕಿಲಾರಿಗಳು ಮೇವನ್ನರಸಿ ಹೊಡೆದುಕೊಂಡು ಹೋಗುತ್ತಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಯ ಕಾಲಕ್ಕೆ ಭಕ್ತರು ಕಾಲ್ನಡಿಗೆಯಲ್ಲಿ ಬರುತ್ತಾರೆ.

ದಾರಿಯ ಧರ್ಮವನ್ನು ಕುರಿತ ಚಿಂತನೆ ಈ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ಆಜ್ಞೆಯಲ್ಲಿ ತಂದೆತಾಯಿಗಳ ಸೇವೆ, ಸತ್ಯವಚನಗಳ ಜೊತೆಗೆ ಪ್ರಾಣಿಗಳ ವಿಷಯದಲ್ಲಿ ದಯೆ ದೃಢವಾಗಿರಬೇಕೆಂಬ ಮಾತೂ ಇದೆ. ಅದೇ ಅರಸನು ತನ್ನ ಇತರ ಶಾಸನಗಳಲ್ಲಿ ದಾರಿಯುದ್ದಕ್ಕೂ ಮರ ನೆಡಿಸಿದುದನ್ನೂ ಬಾವಿ ತೋಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಗಮನಿಸಬೇಕಾದ ಅಂಶವೆಂದರೆ, ಅವು ಮನುಷ್ಯರಿಗೆ ಮಾತ್ರವಲ್ಲದೆ ಪಶುಗಳಿಗೂ ಎಂದು ಆತ ಸ್ಪಷ್ಟಪಡಿಸಿರುವುದು. ರಸ್ತೆಯೆಂಬುದು ವೇಗವಾಗಿ ಹೋಗಬಲ್ಲವರ ಸೊತ್ತಲ್ಲ, ನಡೆಯುವ ಸಕಲರದು ಎಂಬ ಭಾವನೆ ಅಲ್ಲಿದೆ.

ಮೋಟಾರು ಬರುವ ಮೊದಲು ಇರುಳಿನ ದಾರಿಯ ದೀಪವೆಂದರೆ ಪಂಜು, ದೀವಟಿಗೆ, ಆಮೇಲೆ ಲಾಟೀನು. ಹಿಪ್ಪೆ, ಹೊಂಗೆ, ಹರಳು ಮೊದಲಾದ ಎಣ್ಣೆಗಳ ಕಾಲ ಮುಗಿದು ಸೀಮೆಎಣ್ಣೆ ಬಂದಮೇಲೂ, ಎತ್ತಿನ ಬಂಡಿಯ ಅಡಿಯಲ್ಲಿ ತೂಗುತ್ತಿದ್ದ ಲಾಟೀನಿನ ಬೆಳಕು ಮಿಣುಕು ಬೆಳಕೇ. ಅದರಿಂದ ಬಂಡಿಯವನಿಗೆ ದಾರಿ ಕಾಣುತ್ತಿದ್ದುದು ಅಷ್ಟಕ್ಕಷ್ಟೆ. ದಾರಿ ಎತ್ತುಗಳಿಗೇ ಗೊತ್ತಿರುತ್ತಿತ್ತು. ಬಂಡಿಯವನು ಎಷ್ಟೋ ವೇಳೆ ನಿದ್ದೆಹೋಗಿರುತ್ತಿದ್ದನು. ಹಾಗಾದರೆ ಆ ಲಾಟೀನು ಯಾರಿಗಾಗಿ? ಇದಿರು ಬರುವವರಿಗಾಗಿ. ‘ಇಲ್ಲಿ ಒಂದು ಬಂಡಿಯಿದೆ’ ಎಂದು ತಿಳಿಸುವುದೇ ಅದರ ಮುಖ್ಯವಾದ ಕೆಲಸ.

ಮೋಟಾರು ವಾಹನ ಈ ಸಂಬಂಧವನ್ನು ತಲೆಕೆಳಗು ಮಾಡಿತು. ವೇಗ ಹೆಚ್ಚಿದಂತೆ ಚಾಲಕನು ತಾನೇ ದೂರಕ್ಕೆ ನೋಡಬೇಕಾಯಿತು. ಮೊದಲು ಬಂದದ್ದು ಕಾರ್ಬೈಡಿಗೆ ನೀರು ತೊಟ್ಟಿಕ್ಕಿಸಿ ಹುಟ್ಟಿಸಿದ ಅಸಿಟಿಲೀನ್ ಅನಿಲದ ದೀಪ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ವಿದ್ಯುತ್ತಿನಿಂದಲೇ ಯಂತ್ರವನ್ನು ಚಾಲೂ ಮಾಡುವ, ದೀಪವನ್ನೂ ಉರಿಸುವ ವ್ಯವಸ್ಥೆ ಬಂದಿತು. ಬೆಳಕು ಪ್ರಖರವಾದ ಕೂಡಲೇ ಇದಿರಿನವರ ಕಣ್ಣು ಕೋರೈಸತೊಡಗಿತು. 1920ರ ದಶಕದಲ್ಲಿ ಒಂದೇ ಬಲ್ಬಿನಲ್ಲಿ ಎರಡು ತಂತಿಗಳನ್ನಿಟ್ಟು, ಒಂದನ್ನು ದೂರದ ಬೆಳಕಿಗೂ ಇನ್ನೊಂದನ್ನು ನೆಲಕ್ಕೆ ಬಾಗಿದ ಬೆಳಕಿಗೂ ಬಳಸುವ ಉಪಾಯ ಬಳಕೆಗೆ ಬಂತು. ನಮ್ಮ ಹಳೆಯ ಕಾರು, ಲಾರಿಗಳಲ್ಲಿ ಕ್ಲಚ್ಚಿನ ಪಕ್ಕದಲ್ಲಿ ಎಡಗಾಲಿನಿಂದ ಒತ್ತುವ ಗುಂಡಿಯೊಂದಿರುತ್ತಿತ್ತು. ಬೆಳಕನ್ನು ಬಾಗಿಸುವ ಈ ಕ್ರಿಯೆಗೆ ನಮ್ಮ ಚಾಲಕರು ‘ಡಿಪ್ ಮಾಡುವುದು’ ಎನ್ನುತ್ತಾರೆ. ಕೈ ಮುಗಿಯುವುದು, ಪಕ್ಕಕ್ಕೆ ಸರಿದು ದಾರಿ ಬಿಡುವುದು ಇತ್ಯಾದಿ ಹಳೆಯ ಮರ್ಯಾದೆಗಳ ಸಾಲಿಗೆ ಸೇರಿಸಬಹುದಾದ ಹೊಸ ಮರ್ಯಾದೆ ಅದು.

ಯಂತ್ರ ಉಪಾಯ ಕೊಟ್ಟಿತೇ ಹೊರತು ಅಭ್ಯಾಸವನ್ನು ಕೊಡಲಿಲ್ಲ. ಗುಂಡಿಯನ್ನು ಒತ್ತದವರೇ ಹೆಚ್ಚಾದಾಗ, ಹೆಡ್‌ಲೈಟಿನ ಗಾಜಿಗೆ ಕಪ್ಪು ಬಣ್ಣ ಬಳಿಯುವ ಪದ್ಧತಿ ನಮ್ಮ ದೇಶದಲ್ಲಿ ನಡೆದುಬಂತು. ಹಲವು ಊರುಗಳಲ್ಲಿ ಪೊಲೀಸರೇ ಬಣ್ಣದ ಡಬ್ಬಿ ಹಿಡಿದು ನಿಂತು ವಾಹನಗಳ ದೀಪಕ್ಕೆ ಕಪ್ಪು ಬೊಟ್ಟು ಇಡುತ್ತಿದ್ದುದು ಹಿರಿಯರ ನೆನಪಿನಲ್ಲಿದೆ. 1988ರ ಮೋಟಾರು ವಾಹನ ಕಾಯಿದೆಯನ್ನು ಅನುಸರಿಸಿ ಬಂದ 1989ರ ಕೇಂದ್ರ ನಿಯಮಗಳು ಇದನ್ನು ಲೆಕ್ಕಾಚಾರಕ್ಕೆ ಒಳಪಡಿಸಿದವು. ದೀಪದಿಂದ 8 ಮೀಟರು ದೂರದಲ್ಲಿ, ದೀಪದ ಬಲಕ್ಕೆ ಅರ್ಧ ಮೀಟರು ಅಂತರದಲ್ಲಿ, ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿರುವ ಯಾವುದೇ ವ್ಯಕ್ತಿಯ ಕಣ್ಣನ್ನು ಕೋರೈಸದಂತೆ ಬೆಳಕು ಕೆಳಕ್ಕೆ ಬಾಗಿರಬೇಕು ಎಂಬುದು ಅದರ ತಾತ್ಪರ್ಯ. ಇಲ್ಲಿ ‘ಯಾವುದೇ ವ್ಯಕ್ತಿ’ ಎಂಬ ಮಾತಿಗೆ ವಿಶೇಷ ಬೆಲೆಯಿದೆ. ಕಾನೂನು ಇನ್ನೊಬ್ಬ ಚಾಲಕನ ಕಣ್ಣನ್ನು ಮಾತ್ರ ಹೇಳುತ್ತಿಲ್ಲ.

ಆದರೆ ರಸ್ತೆಯ ಮೇಲೆ ನಡೆಯುತ್ತಿರುವುದು ಬೇರೆ. ಡಿಪ್ ಮಾಡುವುದು ಈಗ ಒಂದು ಬಗೆಯ ವಿನಿಮಯವಾಗಿದೆ. ನೀನು ತಗ್ಗಿಸಿದರೆ ನಾನು ತಗ್ಗಿಸುತ್ತೇನೆ. ನೀನು ತಗ್ಗಿಸದಿದ್ದರೆ ನಾನು ಇನ್ನೂ ಹೆಚ್ಚಿಸುತ್ತೇನೆ. ಈ ಲೇವಾದೇವಿಯಲ್ಲಿ ದೀಪವೇ ಇಲ್ಲದವನಿಗೆ ಪಾಲಿಲ್ಲ. ಕಿಲಾರಿಯ ಬಳಿ ಮರಳಿ ತೋರಿಸಲು ಹೆಡ್‌ಲೈಟು ಇಲ್ಲ. ಆದಕಾರಣ ಅವನಿಗಾಗಿ ಡಿಪ್ ಮಾಡುವವರು ವಿರಳ.

ಚಳ್ಳಕೆರೆ ಸೀಮೆಯಲ್ಲಿ ಈ ಅನ್ಯಾಯಕ್ಕೆ ಇನ್ನೊಂದು ಮುಖವುಂಟು. ಆ ಊರು ಎಣ್ಣೆಗೆ ಹೇಗೋ ಕಂಬಳಿಗೂ ಹಾಗೆಯೇ ಹೆಸರಾದುದು. ಕರಿಯ ಕುರಿಯ ಉಣ್ಣೆಯನ್ನು ನೂತು, ನೆಯ್ದು, ಹುಣಸೆಬೀಜದ ಗಂಜಿ ಹಾಕಿದ ಕಂಬಳಿ ಕುರುಬನಿಗೆ ಚಳಿಯಲ್ಲಿ ಹೊದಿಕೆ, ಮಳೆಯಲ್ಲಿ ಕೊಪ್ಪೆ. ಕಪ್ಪು ಉಣ್ಣೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಬಹುಪಾಲನ್ನು ನುಂಗಿಬಿಡುತ್ತದೆ. ಹೀಗೆ ಕಂಬಳಿ ಹೊದ್ದು ರಸ್ತೆಯ ಅಂಚಿನಲ್ಲಿ ನಡೆಯುವವನು ಹೆಡ್‌ಲೈಟಿಗೆ ಇರುಳಿನ ಒಂದು ತುಂಡಿನಂತೆ ತೋರುತ್ತಾನೆ. ಸೋಜಿಗವೆಂದರೆ ಅವನ ಕುರಿಗಳು ಕಾಣುತ್ತವೆ. ಕುರಿ, ದನಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಮರಳಿಸುವ ಪೊರೆಯಿದೆ; ಮನುಷ್ಯನ ಕಣ್ಣಿಗೆ ಅದಿಲ್ಲ. ಆದ್ದರಿಂದ ದೂರದಲ್ಲಿ ಹಸಿರಾಗಿ ಮಿನುಗುವ ಜೋಡಿ ಕಿಡಿಗಳು ಕಂಡಾಗ ಅವುಗಳ ಆಸುಪಾಸಿನಲ್ಲಿ ಕಾಣದ ಮನುಷ್ಯನೊಬ್ಬನು ಇದ್ದಾನೆಂದು ತಿಳಿಯತಕ್ಕದ್ದು. ಆಗ ಬೆಳಕನ್ನು ತಗ್ಗಿಸಬೇಕು. ಜೊತೆಗೆ ವೇಗವನ್ನೂ ತಗ್ಗಿಸಬೇಕು.

ಈ ಎರಡನೆಯ ಮಾತನ್ನು ಮರೆತರೆ ಮೊದಲನೆಯದರಿಂದ ಪೂರ್ಣ ಪ್ರಯೋಜನವಿಲ್ಲ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿರುವ ಕಾರು, ಚಾಲಕನು ಎಚ್ಚೆತ್ತುಕೊಳ್ಳುವ ಒಂದೂವರೆ ಸೆಕೆಂಡಿನಲ್ಲೇ 33 ಮೀಟರು ಸಾಗಿರುತ್ತದೆ. ಬ್ರೇಕು ಹಿಡಿದು ನಿಲ್ಲುವಷ್ಟರಲ್ಲಿ ಒಟ್ಟು 75 ಮೀಟರಿನಷ್ಟು ದೂರವಾಗುತ್ತದೆ. ಡಿಪ್ ಮಾಡಿದ ಬೆಳಕಿನಲ್ಲಿ ಕಪ್ಪು ಹೊದಿಕೆಯ ಮನುಷ್ಯ ಅಷ್ಟು ದೂರಕ್ಕೆ ಕಾಣುವುದಿಲ್ಲ. 60 ಕಿಲೋಮೀಟರಿಗೆ ಇಳಿಸಿದರೆ ನಿಲ್ಲಲು ಬೇಕಾಗುವ ದೂರ 50 ಮೀಟರಿಗಿಂತ ತುಸು ಕಡಿಮೆ. ಇನ್ನು ಪ್ರಖರ ಬೆಳಕು ಕಣ್ಣಿಗೆ ಹೊಡೆದವನು ಕೆಲವು ಸೆಕೆಂಡುಗಳ ಕಾಲ ಕುರುಡನೇ ಸರಿ. ವಯಸ್ಸಾದವರಿಗೆ ಆ ಹೊತ್ತು ಇನ್ನೂ ಹೆಚ್ಚು. ಅಂಥ ವೇಳೆ ಇದಿರಿನ ದೀಪವನ್ನು ದಿಟ್ಟಿಸದೆ ರಸ್ತೆಯ ಎಡ ಅಂಚಿನ ಮೇಲೆ ದೃಷ್ಟಿಯಿಟ್ಟು ನಿಧಾನಿಸುವುದು ಕ್ಷೇಮಕರ. ಹಿಂದೆ ಹೊರೆ ಹೇರಿದಾಗ ಕಾರಿನ ಮೂತಿ ಮೇಲೇರಿ, ಬಾಗಿಸಿದ ಬೆಳಕೂ ಇದಿರಿನವರ ಕಣ್ಣಿಗೇ ಬೀಳುತ್ತದೆಂಬುದನ್ನು ನೆನಪಿಡಬೇಕು. ಅದನ್ನು ಸರಿಪಡಿಸುವ ಪುಟ್ಟ ಗಾಲಿ ಇಂದಿನ ಅನೇಕ ಕಾರುಗಳಲ್ಲಿದೆ. ಮುಂದೆ ಹೋಗುವ ವಾಹನದ ಹಿಂದೆ ಹೋಗುವಾಗಲೂ ಬೆಳಕು ತಗ್ಗಿರಬೇಕು, ಅದು ಅದರ ಕನ್ನಡಿಯ ಮೂಲಕ ಚಾಲಕನ ಕಣ್ಣಿಗೆ ಹೋಗುತ್ತದೆ.

ದೀಪಗಳೇನೋ ಬಲವಾಗುತ್ತಲೇ ಬಂದಿವೆ. 1960ರ ದಶಕದಲ್ಲಿ ಯೂರೋಪಿನಲ್ಲಿ ಹ್ಯಾಲೊಜನ್ ಬಂತು, 1990ರ ದಶಕದಲ್ಲಿ ಜೆನಾನ್ ಬಂತು, ಈ ಶತಮಾನದಲ್ಲಿ ಎಲ್‌ಇಡಿ ಬಂದಿದೆ. 2017ರ ಏಪ್ರಿಲಿನಿಂದ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಹಗಲಿನಲ್ಲೂ ದೀಪ ತಾನಾಗಿ ಉರಿಯುವಂತೆ ನಿಯಮವಾಯಿತು. ಒಂದು ದೃಷ್ಟಿಯಿಂದ ಅದು ಬಂಡಿಯ ಲಾಟೀನಿನ ಮರುಹುಟ್ಟು. ತಾನು ಕಾಣುವುದಕ್ಕಲ್ಲ, ಇತರರಿಗೆ ಕಾಣಿಸಿಕೊಳ್ಳುವುದಕ್ಕೆ ಉರಿಯುವ ದೀಪ. ಬಂಡಿಗಳ ಹಿಂಬದಿಗೂ ನೊಗಕ್ಕೂ ಹೊಳೆಯುವ ಪಟ್ಟಿ ಅಂಟಿಸುವಂತೆ ಕುರಿಗಾರರ ಕೋಲಿಗೂ ಕಂಬಳಿಯ ಅಂಚಿಗೂ ಒಂದು ಗೇಣು ಪಟ್ಟಿ ಹಚ್ಚುವುದು ದುಬಾರಿಯ ಕೆಲಸವಲ್ಲ. ಆದರೆ ಕತ್ತಲಲ್ಲಿ ನಡೆಯುವವನೇ ತನ್ನ ಇರವನ್ನು ಸಾರಿಕೊಳ್ಳಲಿ ಎಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಅವನ ಹಿಂಡು ಆ ದಾರಿಯಲ್ಲಿ ನಡೆಯತೊಡಗಿದುದು ಮೋಟಾರಿಗಿಂತ ಎಷ್ಟೋ ಮೊದಲು.

ಬೆಳಕು ಕಣ್ಣಿಗೆ ನೆರವಾಗಬೇಕಾದ ವಸ್ತು. ಅದೇ ಕಣ್ಣನ್ನು ಕೆಡಿಸುವಂತಾದರೆ ಕತ್ತಲೆಯೇ ಮೇಲು. ತನ್ನ ಮುಂದಿನ ಹಾದಿಯನ್ನು ತುಸು ಮಸುಕು ಮಾಡಿಕೊಂಡು ಅಪರಿಚಿತನಿಗೆ ಅವನ ಹಾದಿಯನ್ನು ಉಳಿಸಿಕೊಡುವುದೇ ಡಿಪ್ ಮಾಡುವುದರ ಅರ್ಥ. ಅದಕ್ಕೆ ಬೇಕಾದುದು ಒಂದು ಬೆರಳಿನ ಚಲನೆ ಮಾತ್ರ. ಮರಳಿ ದೀಪ ತೋರಿಸಲಾರದವನಿಗಾಗಿಯೂ ಆ ಬೆರಳು ಚಲಿಸಿತೆಂದರೆ, ಹೆಡ್‌ಲೈಟಿನ ಸರಿಯಾದ ಬಳಕೆಯನ್ನು ನಾವು ಕಲಿತಂತೆ.