ಗ್ರೀನಿಚ್‌ನ ಜೇಸನ್: ಒಂದು ರಿಯಾಕ್ಟರ್ ಕಳಚಿದ ಕಥೆ

ಲಂಡನ್ನಿನ ಗ್ರೀನಿಚ್‌ನಲ್ಲಿ, ಥೇಮ್ಸ್ ನದಿಗೆ ಮುಖಮಾಡಿ ಜೋಡಿ ಗುಮ್ಮಟಗಳ ಬಿಳಿಗಲ್ಲಿನ ಕಟ್ಟಡ ಸಮೂಹವೊಂದಿದೆ. ಸೇಂಟ್ ಪಾಲ್ಸ್ ಕೆಥೀಡ್ರಲ್ ಕಟ್ಟಿದ ಕ್ರಿಸ್ಟೋಫರ್ ರೆನ್ ಇದರ ನಕ್ಷೆ ಹಾಕಿದವನು. ಇದರ ಒಂದು ಭಾಗಕ್ಕೆ ಕಿಂಗ್ ವಿಲಿಯಂ ಕಟ್ಟಡವೆಂದು ಹೆಸರು. 1962ರಿಂದ 1996ರ ತನಕ ಆ ಕಟ್ಟಡದೊಳಗೆ ಬ್ರಿಟಿಷ್ ನೌಕಾಪಡೆಯ ಪರಮಾಣು ರಿಯಾಕ್ಟರ್ ನಡೆಯುತ್ತಿತ್ತು. ಅದರ ಹೆಸರು ಜೇಸನ್. 1999ರ ಕೊನೆಯ ಹೊತ್ತಿಗೆ ಅದನ್ನು ಬುಡಸಮೇತ ತೆಗೆದು, ಜಾಗವನ್ನು ಯಾವ ನಿರ್ಬಂಧವೂ ಇಲ್ಲದೆ ಸಾರ್ವಜನಿಕ ಬಳಕೆಗೆ ಬಿಟ್ಟುಕೊಟ್ಟರು.

ನಾನು ದುಡಿದದ್ದೆಲ್ಲ ವಿಕಿರಣ ಸುರಕ್ಷತೆಯ ವಿಭಾಗದಲ್ಲಿ. ಮೊದಲು ಟ್ರಾಂಬೆಯ ಪರಮಾಣು ಕೇಂದ್ರದಲ್ಲಿ, ಆಮೇಲೆ ಕೈಗಾದ ಪರಮಾಣು ವಿದ್ಯುತ್ ಸ್ಥಾವರದಲ್ಲಿ. ರಿಯಾಕ್ಟರ್ ಚಾಲೂ ಆದ ದಿನದ ಫೋಟೋಗಳು ನಮ್ಮ ಕಚೇರಿಗಳ ಗೋಡೆಯ ಮೇಲೆ ಸಾಲಾಗಿ ಇರುತ್ತಿದ್ದವು. ಗಣ್ಯರು, ಹೂಮಾಲೆ, ಚಪ್ಪಾಳೆ ಎಲ್ಲ ಅವುಗಳಲ್ಲಿತ್ತು. ರಿಯಾಕ್ಟರೊಂದನ್ನು ಕಳಚಿ ಮುಗಿಸಿದ ದಿನದ ಫೋಟೋ ಮಾತ್ರ ನಾನು ಎಲ್ಲೂ ಕಂಡಿಲ್ಲ. ಪರಮಾಣು ವಿಜ್ಞಾನದ ಚರಿತ್ರೆ ಬರೆದವರು ಕಟ್ಟಿದವರಿಗೆ ಅಧ್ಯಾಯಗಳನ್ನೇ ಕೊಟ್ಟಿದ್ದಾರೆ. ಕಳಚಿದವರಿಗೆ ಒಂದು ಪುಟವನ್ನೂ ಕೊಟ್ಟಿಲ್ಲ. ಈ ಬರಹ ಆ ಪುಟಕ್ಕಾಗಿ.

ಗ್ರೀನಿಚ್‌ನ ಈ ಕಟ್ಟಡ ಮೊದಲಿನಿಂದಲೂ ನಾವಿಕರದ್ದು. ಗಾಯಗೊಂಡ, ಮುಪ್ಪಾದ ನಾವಿಕರಿಗೆ ಆಸರೆಯಾಗಲೆಂದು 1694ರಲ್ಲಿ ರಾಜಶಾಸನದ ಮೂಲಕ ಇಲ್ಲಿ ಆಶ್ರಯಧಾಮ ಸ್ಥಾಪನೆಯಾಯಿತು. ಕಿಂಗ್ ವಿಲಿಯಂ ಭಾಗದಲ್ಲೇ ಪೇಂಟೆಡ್ ಹಾಲ್ ಎಂಬ ಭವ್ಯ ಭೋಜನಶಾಲೆ ಇದೆ. ಜೇಮ್ಸ್ ಥಾರ್ನ್‌ಹಿಲ್ ಎಂಬ ಚಿತ್ರಕಾರ ಅದರ ಛಾವಣಿ, ಗೋಡೆಗಳನ್ನು ಚಿತ್ರಗಳಿಂದ ತುಂಬಲು 19 ವರ್ಷ ತೆಗೆದುಕೊಂಡ. ಟ್ರಫಾಲ್ಗರ್ ಯುದ್ಧದಲ್ಲಿ ಮಡಿದ ಅಡ್ಮಿರಲ್ ನೆಲ್ಸನ್‌ನ ಪಾರ್ಥಿವ ಶರೀರವನ್ನು 1806ರ ಜನವರಿಯಲ್ಲಿ ಸಾರ್ವಜನಿಕ ದರ್ಶನಕ್ಕೆ ಇಟ್ಟದ್ದು ಇದೇ ಸಭಾಂಗಣದಲ್ಲಿ. 1869ರಲ್ಲಿ ಆಶ್ರಯಧಾಮ ಮುಚ್ಚಿತು. 1873ರಿಂದ ಇದು ನೌಕಾಪಡೆಯ ಅಧಿಕಾರಿಗಳು ಓದುವ ರಾಯಲ್ ನೇವಲ್ ಕಾಲೇಜ್ ಆಯಿತು.

ಇಂಥ ಜಾಗಕ್ಕೆ ರಿಯಾಕ್ಟರ್ ಬಂದದ್ದು ಜಲಾಂತರ್ಗಾಮಿಗಳಿಂದಾಗಿ. 1960ರ ಅಕ್ಟೋಬರ್ 21ರಂದು, ಟ್ರಫಾಲ್ಗರ್ ದಿನವೇ, ಬ್ರಿಟನ್ನಿನ ಮೊದಲ ಪರಮಾಣು ಜಲಾಂತರ್ಗಾಮಿ ‘ಡ್ರೆಡ್‌ನಾಟ್’ ನೀರಿಗಿಳಿಯಿತು. ಅದರೊಳಗಿನ ರಿಯಾಕ್ಟರ್ ಅಮೆರಿಕದ್ದು. ಪೂರ್ತಿ ಬ್ರಿಟನ್ನಿನಲ್ಲೇ ತಯಾರಾದ ‘ವೇಲಿಯಂಟ್’ ಆಮೇಲೆ ಬಂತು. ಡೀಸೆಲ್ ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳಬಲ್ಲ ಅಧಿಕಾರಿಗಳು ಈಗ ಕಣ್ಣಿಗೆ ಕಾಣದ ನ್ಯೂಟ್ರಾನಿನ ನಡತೆ ಕಲಿಯಬೇಕಾಯಿತು. ಕಲಿಯುವುದಕ್ಕೆ ಪುಸ್ತಕ ಸಾಲದು, ಕೈಯಾರೆ ನಡೆಸಿ ನೋಡುವ ಸಣ್ಣ ರಿಯಾಕ್ಟರ್ ಬೇಕು.

ಅಂಥದ್ದು ಅಮೆರಿಕದಲ್ಲಿ ಆಗಲೇ ತಯಾರಾಗಿತ್ತು. ಷಿಕಾಗೋ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯ 1957ರಲ್ಲಿ ವಿದ್ಯಾರ್ಥಿಗಳ ತರಬೇತಿಗೆಂದೇ ‘ಆರ್ಗೋನಾಟ್’ ಮಾದರಿಯನ್ನು ರೂಪಿಸಿತ್ತು. ಇದೇ ಮಾದರಿಯ ಒಂದು ರಿಯಾಕ್ಟರನ್ನು ಬ್ರಿಟನ್ನಿನ ಹಾಕರ್ ಸಿಡ್ಲಿ ಕಂಪನಿ 1959ರಲ್ಲಿ ಲ್ಯಾಂಗ್ಲಿ ಎಂಬಲ್ಲಿ ಕಟ್ಟಿ ನಡೆಸಿತು. ಗ್ರೀಕ್ ಪುರಾಣದಲ್ಲಿ ಆರ್ಗೋ ನೌಕೆಯೇರಿ ಹೊರಟ ವೀರರ ನಾಯಕ ಜೇಸನ್. ಆ ಹೆಸರನ್ನೇ ಇದಕ್ಕೆ ಇಟ್ಟರು. ನೌಕಾಪಡೆ ಅದನ್ನು ಕೊಂಡು 1962ರಲ್ಲಿ ಗ್ರೀನಿಚ್‌ಗೆ ತಂದಿತು.

ಜೇಸನ್ನಿನ ಗರಿಷ್ಠ ಶಕ್ತಿ 10 ಕಿಲೋವಾಟ್. ನಮ್ಮ ಹಳ್ಳಿಯ ಹಿಟ್ಟಿನ ಗಿರಣಿಯ ಮೋಟಾರು ಎಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಪುಷ್ಟೀಕರಿಸಿದ ಯುರೇನಿಯಂ ಇಂಧನವನ್ನು ತೆಳು ಹಲಗೆಗಳಂತೆ ಮಾಡಿ, ಅಲ್ಯೂಮಿನಿಯಂ ಹೊದಿಸಿ, ಉಂಗುರದಾಕಾರದ ತೊಟ್ಟಿಯಲ್ಲಿ ನಿಲ್ಲಿಸುವುದು ಈ ಮಾದರಿಯ ಕ್ರಮ. ಹಲಗೆಗಳ ನಡುವೆ ನೀರು, ಉಂಗುರದ ಒಳಗೂ ಹೊರಗೂ ಗ್ರಾಫೈಟ್ ಇಟ್ಟಿಗೆಗಳು, ಇವೆಲ್ಲವನ್ನೂ ಸುತ್ತುವರಿದ ದಪ್ಪ ಕಾಂಕ್ರೀಟ್ ಕವಚ. ವಿದ್ಯುತ್ ತಯಾರಿಸುವುದು ಇದರ ಕೆಲಸವಲ್ಲ. ನ್ಯೂಟ್ರಾನುಗಳನ್ನು ಹುಟ್ಟಿಸಿ, ಅಳೆದು, ಹದ್ದುಬಸ್ತಿನಲ್ಲಿಡುವುದನ್ನು ಕಲಿಸುವುದಕ್ಕೂ ಸಂಶೋಧನೆಗೂ ಇದು ಇದ್ದದ್ದು. ಬ್ರಿಟಿಷ್ ಜಲಾಂತರ್ಗಾಮಿಗಳ ಪರಮಾಣು ಅಧಿಕಾರಿಗಳು ತಲೆಮಾರಿನ ನಂತರ ತಲೆಮಾರು ಇದರ ಮುಂದೆ ಕೂತು ಪಾಠ ಕಲಿತರು.

1996ರಲ್ಲಿ ಜೇಸನ್ ನಿಂತಿತು. ಅಪಘಾತ ಅದಕ್ಕೆ ಕಾರಣವಲ್ಲ. ನೌಕಾಪಡೆ ಗ್ರೀನಿಚ್ ಬಿಡಲು ತೀರ್ಮಾನಿಸಿತ್ತು. ಪರಮಾಣು ವಿಭಾಗ ಗಾಸ್ಪೋರ್ಟ್‌ನಲ್ಲಿರುವ ನೌಕಾನೆಲೆ ‘ಸುಲ್ತಾನ್’ಗೆ ಹೋಗುವುದಿತ್ತು. ಖಾಲಿಯಾಗುವ ಕಟ್ಟಡ ವಿಶ್ವವಿದ್ಯಾಲಯಕ್ಕೂ ಪ್ರವಾಸಿಗರಿಗೂ ತೆರೆದುಕೊಳ್ಳಬೇಕಿತ್ತು. 1997ರಲ್ಲಿ ಗ್ರೀನಿಚ್ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಹೊಸಬರು ಬಂದು ಪಾಠ ಮಾಡುವ ಕಟ್ಟಡದಲ್ಲಿ ವಿಕಿರಣ ಸೂಸುವ ಕಾಂಕ್ರೀಟ್ ಬಿಟ್ಟುಹೋಗುವ ಹಾಗಿರಲಿಲ್ಲ. ಬೀಗ ಜಡಿದು, ಬೋರ್ಡು ಹಾಕಿ, ಮುಂದಿನವರು ನೋಡಿಕೊಳ್ಳಲಿ ಎನ್ನುವ ದಾರಿ ಇಲ್ಲಿ ಮುಚ್ಚಿತ್ತು. ಜೇಸನ್ ಇಷ್ಟು ಬೇಗ ಕಳಚಿಹೋಗಲು ದೊಡ್ಡ ಕಾರಣ ಇದು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆ ಬಿಟ್ಟುಕೊಡುವ ದಿನ ಗೊತ್ತಿದ್ದವರು ಮನೆ ತೊಳೆಯುತ್ತಾರೆ.

ಆದರೆ ರಿಯಾಕ್ಟರನ್ನು ತೊಳೆಯುವುದು ಎಂದರೇನು? ಕೈಗಾದಲ್ಲಿ ಶಟ್‌ಡೌನ್ ಸಮಯದಲ್ಲಿ ಮಲ್ಲಾಪುರ, ಕದ್ರಾ ಕಡೆಯ ಕೆಲಸಗಾರರು ನಮ್ಮೊಂದಿಗೆ ಬರುತ್ತಿದ್ದರು. ಅವರಲ್ಲೊಬ್ಬರು, ನನಗಿಂತ ಹಿರಿಯರು, ಕೈಗವಸಿನ ಮಣಿಕಟ್ಟಿಗೆ ಟೇಪು ಸುತ್ತಿಸಿಕೊಳ್ಳುತ್ತಾ ಕೇಳಿದ್ದರು: “ಸರ್, ಇದು ತೊಳದ್ರೆ ಹೋಗ್ತದ?” ನಾನು ಹೇಳಿದೆ: “ಮೇಲೆ ಕೂತದ್ದು ತೊಳದ್ರೆ ಹೋಗ್ತದೆ ಮಾರಾಯ್ರೇ. ಒಳಗೇ ಆದದ್ದು ಹೋಗೂದಿಲ್ಲ.”

ಡಿಕಮಿಷನಿಂಗ್, ಅಂದರೆ ರಿಯಾಕ್ಟರ್ ಕಳಚಿ ತೆರವು ಮಾಡುವ ವಿದ್ಯೆಯ ಬುಡ ಈ ಎರಡು ಮಾತಿನಲ್ಲಿದೆ. ವಿಕಿರಣಶೀಲ ಧೂಳು, ದ್ರವ ಒಂದು ವಸ್ತುವಿನ ಮೇಲೆ ಅಂಟಿದರೆ ಅದನ್ನು ನಾವು ಕಂಟ್ಯಾಮಿನೇಷನ್ ಎನ್ನುತ್ತೇವೆ. ಒರೆಸಬಹುದು, ಉಜ್ಜಬಹುದು, ಕೆರೆದು ತೆಗೆಯಬಹುದು. ವರ್ಷಗಟ್ಟಲೆ ನ್ಯೂಟ್ರಾನುಗಳ ಹೊಡೆತ ತಿಂದ ಉಕ್ಕು, ಕಾಂಕ್ರೀಟ್, ಗ್ರಾಫೈಟ್‌ಗಳ ಪರಮಾಣುಗಳೇ ಬದಲಾಗಿಬಿಟ್ಟರೆ ಅದು ಆಕ್ಟಿವೇಷನ್. ಉಕ್ಕಿನಲ್ಲಿ ಕೋಬಾಲ್ಟ್-60 ಹುಟ್ಟುತ್ತದೆ. ಕಾಂಕ್ರೀಟಿನಲ್ಲಿ ಚಿಟಿಕೆಗಿಂತ ಕಡಿಮೆ ಇರುವ ಯುರೋಪಿಯಂ ಧಾತು ಯುರೋಪಿಯಂ-152 ಆಗುತ್ತದೆ. ಗ್ರಾಫೈಟಿನಲ್ಲಿ ಕಾರ್ಬನ್-14 ಹುಟ್ಟುತ್ತದೆ. ಅದು ಅರ್ಧಕ್ಕೆ ಇಳಿಯಲು 5,730 ವರ್ಷ ಬೇಕು. ಇದನ್ನು ಯಾವ ಸೋಪೂ ತೊಳೆಯದು. ಆ ವಸ್ತುವನ್ನೇ ಕತ್ತರಿಸಿ, ಡಬ್ಬಿ ತುಂಬಿ, ಪಟ್ಟಿಗೆ ಹತ್ತಿಸಿ, ತ್ಯಾಜ್ಯ ಭಂಡಾರಕ್ಕೆ ಸಾಗಿಸಬೇಕು.

ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಇಂಧನ ಹೊರಡಬೇಕು, ಅದೂ ದಪ್ಪ ಕವಚದ ಪಾತ್ರೆಯಲ್ಲಿ. ಇಂಧನ ಹೋದರೆ ಅಪಾಯದ ದೊಡ್ಡ ಪಾಲು ಹೋದ ಹಾಗೆ. ಆಮೇಲೆ ನೀರು ಬಸಿದು ಪರೀಕ್ಷಿಸುವುದು. ಆಮೇಲೆ ತೊಟ್ಟಿ, ಕೊಳವೆ, ಗ್ರಾಫೈಟ್ ಇಟ್ಟಿಗೆಗಳು. ಕೊನೆಗೆ ಕಾಂಕ್ರೀಟ್. ನ್ಯೂಟ್ರಾನು ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿಯಲು ಕಾಂಕ್ರೀಟಿಗೆ ಕೊಳವೆಯಂತೆ ರಂಧ್ರ ಕೊರೆದು, ಹೊರಬಂದ ಕಂಬಿಯಾಕಾರದ ತುಣುಕನ್ನು ಬಿಲ್ಲೆ ಬಿಲ್ಲೆಯಾಗಿ ಅಳೆಯುತ್ತಾರೆ. ಧೂಳು ಹೊರಗೆ ಹಾರದ ಹಾಗೆ ಸುತ್ತ ಡೇರೆ ಕಟ್ಟಿ, ಒಳಗಿನ ಗಾಳಿಯನ್ನು ಫಿಲ್ಟರಿನ ಮೂಲಕವೇ ಹೊರಗೆಳೆಯುತ್ತಾರೆ. ಒಳಗೆ ಹೋದ ಸ್ಪ್ಯಾನರ್ ಕೂಡ ಅಳತೆಯಾಗದೆ ಹೊರಬರುವ ಹಾಗಿಲ್ಲ. ಪ್ರತಿ ಚದರ ಅಡಿಯನ್ನೂ ಕಾಗದದ ಬಿಲ್ಲೆಯಿಂದ ಒರೆಸಿ, ಕೌಂಟರಿನ ಕೆಳಗಿಟ್ಟು, ಅಂಕಿ ಬರೆಯಬೇಕು. ಮೈತುಂಬ ಪ್ಲಾಸ್ಟಿಕ್ ಸೂಟು, ಮುಖಕ್ಕೆ ಮಾಸ್ಕ್, ಎದೆಯ ಮೇಲೆ ಮೈಗೆ ತಗಲಿದ ವಿಕಿರಣ ಅಳೆಯುವ ಡೋಸ್ ಬ್ಯಾಡ್ಜ್. ಇದನ್ನು ಮಾಡುವವರ ತಾಳ್ಮೆ ದೊಡ್ಡದು. ಅವರ ದುಡಿಮೆ ಸಾರ್ಥಕವಾದರೆ ನೋಡಲು ಏನೂ ಉಳಿಯುವುದಿಲ್ಲ, ಅದೇ ಅವರ ಗೆಲುವು.

ಗ್ರೀನಿಚ್‌ನಲ್ಲಿ ಈ ಕೆಲಸ ನಡೆದದ್ದು ಸಂರಕ್ಷಿತ ಸ್ಮಾರಕದ ಗೋಡೆಗಳ ನಡುವೆ. ರಿಯಾಕ್ಟರ್ ಹೊರಹೋಗಬೇಕು, ಶತಮಾನಗಳ ಕಲ್ಲು ಉಳಿಯಬೇಕು. 10 ಕಿಲೋವಾಟಿನ ಆ ಚಿಕ್ಕ ಯಂತ್ರದಿಂದ ಹೊರಟ ವಿಕಿರಣಶೀಲ ತ್ಯಾಜ್ಯ 270 ಟನ್. ಶಕ್ತಿ ಎಷ್ಟೇ ಸಣ್ಣದಿರಲಿ, ಕವಚದ ಕಾಂಕ್ರೀಟ್ ಮಾತ್ರ ತನ್ನ ಪೂರ್ತಿ ತೂಕದ ಲೆಕ್ಕ ಕೇಳುತ್ತದೆ. ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ ನಾನು ಆ ಅಂಗಳದಲ್ಲಿ ನಡೆದಿದ್ದೇನೆ. ಗ್ರೀನಿಚ್ ವಿಶ್ವವಿದ್ಯಾಲಯದ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ತರಗತಿಗೆ ಹೋಗುತ್ತಿದ್ದರು. ಅವರಿಗೆ ಯಾವ ಎಚ್ಚರಿಕೆಯ ಫಲಕವೂ ಬೇಕಾಗಿರಲಿಲ್ಲ. ಅದನ್ನು ನೋಡಿ ನನ್ನ ಕಸುಬಿನ ಬಗ್ಗೆ ಹೆಮ್ಮೆಯಾಯಿತು.

ಎಲ್ಲ ಕಡೆ ಹೀಗೆ ಆಗಿಲ್ಲ. ಅಮೆರಿಕದ ಭೂಸೇನೆ ವರ್ಜೀನಿಯಾದ ಫೋರ್ಟ್ ಬೆಲ್ವಾರ್‌ನಲ್ಲಿ ಎಸ್‌ಎಂ-1 ಎಂಬ ರಿಯಾಕ್ಟರನ್ನು 1957ರ ಏಪ್ರಿಲ್‌ನಲ್ಲಿ ಚಾಲೂ ಮಾಡಿತು. ಸೈನಿಕ ತಂತ್ರಜ್ಞರಿಗೆ ತರಬೇತಿ ಕೊಡಲು, ದೂರದ ನೆಲೆಗಳಿಗೆ ಸಣ್ಣ ರಿಯಾಕ್ಟರ್ ಒಯ್ಯಬಹುದೇ ಎಂದು ಪರೀಕ್ಷಿಸಲು ಅದು ಹುಟ್ಟಿತ್ತು. 1973ರಲ್ಲಿ ನಿಂತಿತು. ಇಂಧನ ಹೊರತೆಗೆದು, ಉಳಿದದ್ದಕ್ಕೆ ಮೊಹರು ಹಾಕಿದರು. ಕಳಚುವ ಗುತ್ತಿಗೆ ಕೊಟ್ಟದ್ದು 2020ರಲ್ಲಿ. ಕಾಯುವುದಕ್ಕೂ ಅರ್ಥವಿದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ಕೋಬಾಲ್ಟ್-60 ಪ್ರತಿ ಐದೂಕಾಲು ವರ್ಷಕ್ಕೆ ಅರ್ಧವಾಗುತ್ತದೆ. 48 ವರ್ಷ ಕಾದರೆ ಸುಮಾರು 500ರಲ್ಲಿ ಒಂದು ಪಾಲು ಉಳಿಯುತ್ತದೆ. ಕೆಲಸಗಾರನ ಮೈಗೆ ತಗಲುವ ಡೋಸ್ ಅಷ್ಟು ಕಡಿಮೆಯಾಗುತ್ತದೆ. ಆದರೆ ಅಷ್ಟು ಕಾಲದಲ್ಲಿ ಅದನ್ನು ಕಟ್ಟಿದವರು, ನಡೆಸಿದವರು ನಿವೃತ್ತರಾಗುತ್ತಾರೆ, ತೀರಿಕೊಳ್ಳುತ್ತಾರೆ. ಯಾವ ಕೊಳವೆ ಎಲ್ಲಿ ಸೋರಿತ್ತು, ನಕ್ಷೆಯಲ್ಲಿಲ್ಲದ ಯಾವ ಕವಾಟವನ್ನು ಯಾರು ಕೂರಿಸಿದ್ದರು ಎಂಬ ತಿಳಿವಳಿಕೆ ಅವರ ಜೊತೆಗೇ ಹೋಗುತ್ತದೆ. ವಿಕಿರಣದ ಹಾಗೆ ನೆನಪಿಗೂ ಅರ್ಧಾಯುಷ್ಯವಿದೆ.

ಜೇಸನ್ ತಯಾರು ಮಾಡಿದ ಅಧಿಕಾರಿಗಳು ನಡೆಸಿದ ಜಲಾಂತರ್ಗಾಮಿಗಳ ಗತಿ ಇನ್ನೂ ನೋವಿನದು. ಡ್ರೆಡ್‌ನಾಟ್ 1980ರಲ್ಲಿ ನಿವೃತ್ತವಾಯಿತು. 2019ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಪ್ರಕಟಿಸಿದ ವರದಿ ಹೀಗೆ ಹೇಳಿತು: 1980ರಿಂದ ನಿವೃತ್ತವಾದ 20 ಜಲಾಂತರ್ಗಾಮಿಗಳಲ್ಲಿ ಒಂದನ್ನೂ ವಿಲೇವಾರಿ ಮಾಡಿಲ್ಲ, 9ರೊಳಗೆ ಇಂಧನ ಇನ್ನೂ ಇದೆ, ಇವನ್ನು ಕಾಯ್ದಿಡಲು ಸುಮಾರು 50 ಕೋಟಿ ಪೌಂಡ್ ಖರ್ಚಾಗಿದೆ. ರೊಸೈತ್ ಮತ್ತು ಡೆವನ್‌ಪೋರ್ಟ್‌ನ ಹಡಗುಕಟ್ಟೆಗಳಲ್ಲಿ ಅವು ಸಾಲಾಗಿ ನಿಂತಿವೆ. 1992ರಲ್ಲಿ ನಿವೃತ್ತವಾದ ‘ಸ್ವಿಫ್ಟ್‌ಶೂರ್’ ಅನ್ನು ಪೂರ್ತಿ ಕಳಚುವ ಮೊದಲ ಜಲಾಂತರ್ಗಾಮಿಯಾಗಿ ಆರಿಸಿ, 2026ರ ಗುರಿ ಇಟ್ಟುಕೊಂಡರು. ಪಾಠ ಕಲಿಸಿದ ರಿಯಾಕ್ಟರ್ ಮೂರು ವರ್ಷದಲ್ಲಿ ತೆರವಾಯಿತು, ಪಾಠ ಕಲಿತವರ ಹಡಗುಗಳು ನಾಲ್ಕು ದಶಕದಿಂದ ಕಾಯುತ್ತಿವೆ. ಗ್ರೀನಿಚ್‌ನ ಜಾಗಕ್ಕಾಗಿ ಕಾದು ನಿಂತವರಿದ್ದರು. ಹಳೆಯ ಹಡಗು ನಿಂತ ಕಟ್ಟೆಯನ್ನು ಕೇಳುವವರು ಯಾರೂ ಇರಲಿಲ್ಲ.

ನಮಗೂ ಈ ಲೆಕ್ಕ ಹತ್ತಿರದ್ದು. ಟ್ರಾಂಬೆಯ ಸೈರಸ್ ರಿಯಾಕ್ಟರ್ ಕೆನಡಾದ ನೆರವಿನಿಂದ 1960ರಲ್ಲಿ ಚಾಲೂ ಆಯಿತು. 1974ರ ಮೇ 18ರ ಪೋಖ್ರಾನ್ ಪರೀಕ್ಷೆಗೆ ಪ್ಲುಟೋನಿಯಂ ಬಂದದ್ದು ಅಲ್ಲಿಂದ. ಆ ಪರೀಕ್ಷೆಯನ್ನು ಮುನ್ನಡೆಸಿದ ರಾಜಾ ರಾಮಣ್ಣ ನಮ್ಮ ತುಮಕೂರಿನಲ್ಲಿ ಹುಟ್ಟಿದವರು. 2010ರ ಡಿಸೆಂಬರ್ 31ರಂದು ಸೈರಸ್ಸನ್ನು ಕಾಯಂ ಆಗಿ ನಿಲ್ಲಿಸಲಾಯಿತು. ನಿಲ್ಲಿಸುವುದಕ್ಕೆ ಒಂದು ದಿನ ಸಾಕು, ಕಳಚುವುದಕ್ಕೆ ವರ್ಷಗಳು ಬೇಕು. ಕಾಳಿ ನದಿಯ ದಂಡೆಯ ಕೈಗಾದಲ್ಲಿ ಈಗ ನಾಲ್ಕು ಘಟಕಗಳಿವೆ. ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳಿಗೆ ಕೇಂದ್ರ ಸಂಪುಟ 2017ರಲ್ಲಿ ಒಪ್ಪಿಗೆ ಕೊಟ್ಟಿದೆ. ಮುಂದೊಂದು ದಿನ ಕಳಚುವ ಖರ್ಚಿಗೆಂದು ಪರಮಾಣು ವಿದ್ಯುತ್ತಿನ ಪ್ರತಿ ಯೂನಿಟ್ಟಿನ ಮೇಲೆ 2 ಪೈಸೆ ತೆಗೆದಿಡುವ ಪದ್ಧತಿ ನಮ್ಮಲ್ಲಿ ಬಂತು. ಈ ದರ ಬಹುಕಾಲದಿಂದ ಪರಿಷ್ಕರಣೆಯಾಗಿಲ್ಲ ಎಂದು ಸರ್ಕಾರಿ ಲೆಕ್ಕಪರಿಶೋಧಕ ಸಂಸ್ಥೆ ಸಿಎಜಿ 2012ರ ವರದಿಯಲ್ಲಿ ಎತ್ತಿ ತೋರಿಸಿತ್ತು.

ಕೈಗಾದಲ್ಲಿ ದುಡಿದವನಾಗಿ ನಾನು ಪರಮಾಣು ವಿದ್ಯುತ್ತಿನ ವಿರೋಧಿಯಲ್ಲ. ಅದನ್ನು ನಂಬುವವರೇ ಅದರ ಕೊನೆಯ ಜವಾಬ್ದಾರಿಯನ್ನೂ ಗಟ್ಟಿಯಾಗಿ ಹೊರಬೇಕು ಎನ್ನುವವನು. ಜೇಸನ್ ತೋರಿಸಿದ್ದು ಇಷ್ಟು: ರಿಯಾಕ್ಟರನ್ನು ಪೂರ್ತಿ ಕಳಚಲು ಸಾಧ್ಯ, ಅದಕ್ಕೆ ಬೇಕಾದ ವಿದ್ಯೆ ನಮ್ಮ ಕೈಯಲ್ಲಿದೆ, ಬೇಕಾದದ್ದು ಗಡುವು ಮತ್ತು ಹಣ. ಹಾಗಾಗಿ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಜಿಲ್ಲೆಯಲ್ಲಿ ಹೊಸ ಘಟಕದ ಮಾತು ಬಂದಾಗ ಎಷ್ಟು ಮೆಗಾವಾಟ್ ಎಂದು ಕೇಳಿ, ಎಷ್ಟು ಉದ್ಯೋಗ ಎಂದು ಕೇಳಿ. ಅದೇ ಸಭೆಯಲ್ಲಿ ಎದ್ದು ನಿಂತು ಇನ್ನೂ ಮೂರು ಪ್ರಶ್ನೆ ಕೇಳಿ: ಇದನ್ನು ಕಳಚುವವರು ಯಾರು, ಯಾವ ವರ್ಷದೊಳಗೆ, ಯಾರ ದುಡ್ಡಿನಲ್ಲಿ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.