ಕೆಮ್ಮಿನ ಔಷಧಿ ಕೊಟ್ಟು ಕಳಿಸುತ್ತಿದ್ದರು

ಮೋಟೆಬೆನ್ನೂರು, ಬ್ಯಾಡಗಿ ಸುತ್ತ ಯಾರಾದರೂ ಕೆಮ್ಮಿದರೆ ನಾವು ಮೆಣಸಿನಕಾಯಿ ಘಾಟು ಎಂದುಬಿಡುತ್ತೇವೆ. ಮಾರುಕಟ್ಟೆಯ ಭರಾಟೆ ಮುಗಿದ ಮೇಲೂ ಕೆಮ್ಮು ನಿಲ್ಲದಿದ್ದರೆ?

ಹಳ್ಳಿ ಜನಕ್ಕೆ ಕ್ಷಯದ ಅರಿವಿಲ್ಲ, ಅವರು ಆಸ್ಪತ್ರೆಗೇ ಬರುವುದಿಲ್ಲ ಎಂಬ ಮಾತು ಬಹಳ ಹಳೆಯದು. ಅದು ಸುಳ್ಳೆಂದು ತೋರಿಸಿದ್ದು ನಮ್ಮದೇ ರಾಜ್ಯದ ತುಮಕೂರು ಜಿಲ್ಲೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಕಡೆಯ ಕ್ಷಯರೋಗಿಗಳನ್ನು ಮಾತಾಡಿಸಿದರು. ಹೆಚ್ಚಿನವರಿಗೆ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ತಾವಾಗಿಯೇ ಸರ್ಕಾರಿ ಆಸ್ಪತ್ರೆಗೂ ಹೋಗಿದ್ದರು. ಅಲ್ಲಿ ಕಫ ಪರೀಕ್ಷೆ ಮಾಡದೆ, ಕೆಮ್ಮಿನ ಔಷಧಿ ಕೊಟ್ಟು ಕಳಿಸುತ್ತಿದ್ದರು. ತಪ್ಪು ರೋಗಿಯದಾಗಿರಲಿಲ್ಲ!

ಅದೇ ಹೊತ್ತಿಗೆ ಮದ್ರಾಸಿನ ಅಧ್ಯಯನವೊಂದು, ಸ್ಯಾನಟೋರಿಯಂನಲ್ಲಿ ಮಲಗಿಸಬೇಕಿಲ್ಲ, ಮನೆಯಲ್ಲೇ ಮಾತ್ರೆ ನುಂಗಿದರೂ ಗುಣವಾಗುತ್ತದೆ ಎಂದು ತೋರಿಸಿತ್ತು. ಇವೆರಡನ್ನೂ ಸೇರಿಸಿ 1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಬಂತು. ಹತ್ತಿರದ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ, ಅಲ್ಲೇ ಪುಕ್ಕಟೆ ಮಾತ್ರೆ.

ಮಾತ್ರೆ ಮನೆಗೆ ಬಂತು, ಸರಿ. ಆದರೆ ವರ್ಷಗಟ್ಟಲೆ ಮಾತ್ರೆ ನುಂಗುವವರ ಕೂಲಿ, ಊಟದ ಗತಿ? ಅದನ್ನು ಮನೆಯವರ ತಲೆಗೇ ಬಿಟ್ಟರು. ಮೈಯಲ್ಲಿ ಸ್ವಲ್ಪ ಕಸುವು ಬಂದೊಡನೆ ಕೆಲಸಕ್ಕೆ ಹೋಗಿ ಮಾತ್ರೆ ಬಿಟ್ಟವರನ್ನು 'ಅರ್ಧಕ್ಕೆ ಬಿಟ್ಟವರು' ಎಂದು ಬೈದದ್ದೇ ಹೆಚ್ಚು.

ಪೌಷ್ಟಿಕ ಆಹಾರಕ್ಕೆಂದು ರೋಗಿಯ ಬ್ಯಾಂಕ್ ಖಾತೆಗೇ ತಿಂಗಳಿಗೆ 500 ರೂಪಾಯಿ ಹಾಕುವ ನಿಕ್ಷಯ್ ಪೋಷಣ್ ಯೋಜನೆ ಬಂದದ್ದು 2018ರಲ್ಲಿ. ಅಂದರೆ 56 ವರ್ಷಗಳ ನಂತರ. 2024ರ ನವೆಂಬರಿನಿಂದ ಅದು 1,000 ರೂಪಾಯಿ. ಆ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ಇತ್ತು, ಮೂರು ದಿನದ ಕೂಲಿಗೂ ಇದು ಸಾಲದು.

ಊಟವೂ ಔಷಧಿಯೇ ಎಂಬುದಕ್ಕೆ ಈಗ ಪುರಾವೆಯೂ ಇದೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಮಂದಿಗೂ ಅಕ್ಕಿ, ಬೇಳೆ ಕೊಟ್ಟು ನೋಡಿದರು. ಅವರಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ 39ರಷ್ಟು ಕಡಿಮೆಯಾಯಿತು. ಫಲಿತಾಂಶ 2023ರಲ್ಲಿ ಪ್ರಕಟವಾಗಿದೆ.

ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯ ಇದೆ ಎಂದಾದರೆ ನಿಕ್ಷಯ್‌ನಲ್ಲಿ ಹೆಸರು ಸೇರಿಸಿದ್ದಾರೋ, ಬ್ಯಾಂಕ್ ಖಾತೆ ಜೋಡಿಸಿದ್ದಾರೋ ಎಂದು ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿ.