ಬ್ರೌಸರ್ ಮತ್ತು ಕಾರ್ಯಾಚರಣ ವ್ಯವಸ್ಥೆ

ಕಾರ್ಯಾಚರಣ ವ್ಯವಸ್ಥೆಯೊಂದಿಗೆ ಸೇರಿ ಬರುವ ಬ್ರೌಸರ್ ಆ ವ್ಯವಸ್ಥೆಯ ಅಂಗವೇ ಅಥವಾ ಜೊತೆಗೆ ಕೊಡಲಾದ ಬೇರೊಂದು ತಂತ್ರಾಂಶವೇ ಎಂಬುದು 1990ರ ದಶಕದಿಂದ ನ್ಯಾಯಾಲಯಗಳಲ್ಲಿಯೂ ತಂತ್ರಜ್ಞರಲ್ಲಿಯೂ ಚರ್ಚೆಗೊಳಗಾಗಿರುವ ಪ್ರಶ್ನೆ. ಬ್ರೌಸರ್ ಎಂಬ ಹೆಸರಿನಲ್ಲಿ ಎರಡು ಸಂಗತಿಗಳು ಸೇರಿವೆ: ಬಳಕೆದಾರರು ತೆರೆಯುವ ಕಿಟಕಿ ಹಾಗೂ ಪುಟವನ್ನು ಓದಿ ಪರದೆಯ ಮೇಲೆ ಮೂಡಿಸುವ ಎಂಜಿನ್. ಇವೆರಡನ್ನು ಒಂದೆಂದು ಎಣಿಸಿದ್ದರಿಂದಲೇ ಬಹಳಷ್ಟು ಗೊಂದಲ ಉಂಟಾಗಿದೆ.

ಮೈಕ್ರೋಸಾಫ್ಟ್ ಮೊಕದ್ದಮೆ

ಇಂಟರ್ನೆಟ್ ಎಕ್ಸ್‌ಪ್ಲೋರರ್ ವಿಂಡೋಸ್ 98ರ ಬೇರ್ಪಡಿಸಲಾಗದ ಭಾಗವೆಂದು ಮೈಕ್ರೋಸಾಫ್ಟ್ ವಾದಿಸಿತು. ಅಮೆರಿಕದ ಸರ್ಕಾರವು 1998ರ ಮೇ ತಿಂಗಳಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಅವರು ಬ್ರೌಸರನ್ನು ಬಳಕೆಗೆ ಸಿಗದಂತೆ ಮಾಡುವ ಪ್ರೋಗ್ರಾಮೊಂದನ್ನು ತೋರಿಸಿದರು. ಅದು ಕಿಟಕಿಯನ್ನು ತೆಗೆಯಿತೇ ಹೊರತು ಇತರ ತಂತ್ರಾಂಶಗಳೂ ಬಳಸುತ್ತಿದ್ದ ಎಂಜಿನ್ನನ್ನಲ್ಲ. ಎರಡೂ ಪಕ್ಷಗಳು ತಮ್ಮ ತಮ್ಮ ಅರ್ಥದಲ್ಲಿ ಸರಿಯೇ ಆಗಿದ್ದವು. 2001ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಕಂಪನಿಯನ್ನು ಇಬ್ಭಾಗಿಸುವ ಆದೇಶವನ್ನು ರದ್ದುಪಡಿಸಿತಾದರೂ, ಬ್ರೌಸರಿನ ಮತ್ತು ವ್ಯವಸ್ಥೆಯ ಸಂಕೇತಗಳನ್ನು ಬೆರೆಸಿದ್ದು ಸ್ಪರ್ಧೆಗೆ ಮಾರಕವೆಂಬ ತೀರ್ಮಾನವನ್ನು ಎತ್ತಿಹಿಡಿಯಿತು.

ಕನ್ನಡ ಲಿಪಿಯ ಪ್ರಶ್ನೆ

ಕನ್ನಡ ಓದುಗರಿಗೆ ಈ ಗಡಿರೇಖೆಯು ಒತ್ತಕ್ಷರಗಳಲ್ಲಿ ಕಾಣಿಸುತ್ತದೆ. ದಕ್ಷಿಣ ಕನ್ನಡದ ಊರುಗಳ ಹೆಸರುಗಳನ್ನೇ ನೋಡಬಹುದು. ಬಂಟ್ವಾಳದ ‘ಟ್ವಾ’ ಯೂನಿಕೋಡ್‌ನಲ್ಲಿ ಟಕಾರ, ವಿರಾಮ ಚಿಹ್ನೆ, ವಕಾರ, ದೀರ್ಘ ಚಿಹ್ನೆ ಎಂಬ ನಾಲ್ಕು ಸಂಕೇತಗಳು. ಬೆಳ್ತಂಗಡಿಯ ‘ಳ್ತ’ ಮೂರು. ಮೂಡುಬಿದಿರೆಯಲ್ಲಿ ಒತ್ತಕ್ಷರವಿಲ್ಲ, ಗುಣಿತಾಕ್ಷರಗಳಷ್ಟೇ ಇವೆ. ಸಂಕೇತಗಳನ್ನು ಜೋಡಿಸಿ ಅಕ್ಷರರೂಪ ಕೊಡುವ ತಂತ್ರಾಂಶವಿಲ್ಲದಿದ್ದರೆ ಒತ್ತುಗಳು ಬಿಡಿಬಿಡಿಯಾಗಿ ಕಾಣುತ್ತವೆ.

ವಿಂಡೋಸ್‌ನಲ್ಲಿ ಈ ಕೆಲಸ ಮಾಡುತ್ತಿದ್ದ ಯೂನಿಸ್ಕ್ರೈಬ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರೊಂದಿಗೂ ವಿಂಡೋಸ್ 2000ದೊಂದಿಗೂ ಬಂದಿತು. ಅಂದರೆ ಒಂದೇ ಘಟಕವು ಬ್ರೌಸರಿಗೂ ವ್ಯವಸ್ಥೆಗೂ ಸೇರಿತ್ತು. ಕನ್ನಡಕ್ಕೆ ಬೆಂಬಲ ದೊರೆತದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ತುಂಗಾ ಅಕ್ಷರಶೈಲಿಯೊಂದಿಗೆ. ಇಂದು ಫೈರ್‌ಫಾಕ್ಸ್ ಮತ್ತು ಕ್ರೋಮ್ ಬ್ರೌಸರ್‌ಗಳು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ತಮ್ಮೊಳಗೇ ಇಟ್ಟುಕೊಂಡಿವೆ. 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯ ಕನ್ನಡ ಲಿಪಿಯಲ್ಲಿದ್ದು, ಅದಕ್ಕೂ ಇದೇ ವಿಧಾನ ಅನ್ವಯಿಸುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16.0 ಆವೃತ್ತಿಗೆ ಸೇರಿದ ತುಳು-ತಿಗಳಾರಿಯಂತಹ ಲಿಪಿಗೆ ಈ ಬದಲಾವಣೆ ಮುಖ್ಯವಾದುದು: ಜೋಡಣೆಯ ತಂತ್ರಾಂಶ ಬ್ರೌಸರಿನಲ್ಲಿಯೇ ಇದ್ದು, ಪುಟವು ಅಕ್ಷರಶೈಲಿಯನ್ನು ಜೊತೆಗೆ ತಂದರೆ, ಕಾರ್ಯಾಚರಣ ವ್ಯವಸ್ಥೆಯ ಮುಂದಿನ ಆವೃತ್ತಿಗಾಗಿ ಕಾಯಬೇಕಿಲ್ಲ.

ಮೊಬೈಲ್ ಮತ್ತು ಭಾರತ

ಆಂಡ್ರಾಯ್ಡ್‌ನ ಇತರ ಆ್ಯಪ್‌ಗಳು ವೆಬ್ ಪುಟಗಳನ್ನು ತಮ್ಮೊಳಗೆ ತೋರಿಸಲು ವೆಬ್‌ವ್ಯೂ ಎಂಬ ಘಟಕವನ್ನು ಬಳಸುತ್ತವೆ. ಆಂಡ್ರಾಯ್ಡ್ 7ರಿಂದ 9ರವರೆಗೆ ಸಾಮಾನ್ಯವಾಗಿ ಕ್ರೋಮ್ ಬ್ರೌಸರೇ ಈ ಕೆಲಸವನ್ನು ನಿರ್ವಹಿಸುತ್ತಿತ್ತು. 10ರಿಂದ ಅದು ಮತ್ತೆ ಪ್ರತ್ಯೇಕವಾಯಿತು. ಬೇರ್ಪಡಿಸುವುದು ಸಾಧ್ಯವೇ ಎಂಬುದಕ್ಕೆ ಇದಕ್ಕಿಂತ ನೇರವಾದ ಉತ್ತರ ಸಿಗುವುದು ಕಷ್ಟ.

ಕ್ರೋಮ್ ಸೇರಿದಂತೆ ತನ್ನ ಆ್ಯಪ್‌ಗಳ ಇಡೀ ಗುಚ್ಛವನ್ನು ಮೊದಲೇ ಅಳವಡಿಸುವಂತೆ ಮೊಬೈಲ್ ತಯಾರಕರನ್ನು ಕಟ್ಟಿಹಾಕಿದ್ದೂ ಸೇರಿ ಹಲವು ಕಾರಣಗಳಿಗಾಗಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಮಾರ್ಚ್ 29ರಂದು ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿಯಿತು. ಆದರೆ ಮೊದಲೇ ಅಳವಡಿಸಿದ ಆ್ಯಪ್‌ಗಳನ್ನು ಬಳಕೆದಾರರು ತೆಗೆದುಹಾಕುವುದನ್ನು ತಡೆಯಬಾರದೆಂಬ ನಿರ್ದೇಶನವನ್ನು ಅದೇ ತೀರ್ಪಿನಲ್ಲಿ ರದ್ದುಗೊಳಿಸಿತು.